ಕುರಿ ಎಷ್ಟು ಎಂದು ಕೇಳಿದವರು

ನಾನು ಓದು ನಿಲ್ಲಿಸಿದ್ದು ೧೯೮೯ರಲ್ಲಿ, ಐದನೇ ತರಗತಿಯಲ್ಲಿ. ನಿಲ್ಲಿಸಿದೆ ಎಂದೇ ಬರೆಯುತ್ತೇನೆ. ಶಾಲೆ ಬಿಡಿಸಿದರು, ಹಣೆಬರಹ ಹಾಗಿತ್ತು ಎಂದು ಮೂಗು ಒರೆಸಿಕೊಳ್ಳುವವನು ನಾನಲ್ಲ. ಕುರಿ ಹಿಂದೆ ಹೋಗುತ್ತೇನೆ ಎಂದೆ, ಹೋದೆ. ಅಂದಿನಿಂದ ಯಾರ ಮನೆಯ ಮುಂದೆಯೂ ಕೈಕಟ್ಟಿ ನಿಂತಿಲ್ಲ. ಕುರಿ ಮೇಯುವ ಹೊತ್ತಿನಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ, ಮಿರ್ಚಿ ಕಟ್ಟಿಕೊಟ್ಟ ಕಾಗದವನ್ನೂ ಬಿಟ್ಟಿಲ್ಲ. ಆ ಕಾಗದಗಳಲ್ಲಿ ಅರ್ಧ ತೆಲುಗು, ಅರ್ಧ ಕನ್ನಡ. ಹಾಗಾಗಿ ಎರಡರಲ್ಲೂ ಜಗಳವಾಡುವಷ್ಟು ಬರುತ್ತದೆ. ಈ ವರ್ಷ ಅದು ಉಪಯೋಗಕ್ಕೆ ಬಂತು.

ಲೋಕದಲ್ಲಿ ಮರ್ಯಾದೆಗೆಟ್ಟ ಪ್ರಶ್ನೆ ಯಾವುದೆಂದು ನನ್ನನ್ನು ಕೇಳಿದರೆ, ‘ನಿಮಗೆ ಕುರಿ ಎಷ್ಟು’ ಎನ್ನುವುದೇ ಎಂದು ಹೇಳುತ್ತೇನೆ. ನಮ್ಮಲ್ಲಿ ಕುರಿಯ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ದಿಷ್ಟಿ ತಗಲುತ್ತದೆ, ಮರಿ ನಿಲ್ಲುವುದಿಲ್ಲ. ನಮ್ಮಪ್ಪ ಸಾಯುವವರೆಗೂ ನನಗೇ ಹೇಳಿರಲಿಲ್ಲ; ದೊಡ್ಡಿಯ ಬಾಗಿಲಲ್ಲಿ ನಿಂತು ಒಮ್ಮೆ ಕಣ್ಣಾಡಿಸಿ ‘ಅದಾವ’ ಎನ್ನುತ್ತಿದ್ದ, ಅಷ್ಟೇ. ಬೀಗರು ಕೇಳಲಿ, ಜನಗಣತಿಯವರು ಕೇಳಲಿ, ‘ಅವೇನ್ರೀ, ಒಂದ್ ಐದಾರದಾವ’ ಎನ್ನುವುದು ಪದ್ಧತಿ. ಕೇಳಿದವನೂ ಅದನ್ನು ನಂಬಬಾರದು, ಅದೂ ಪದ್ಧತಿಯೇ.

ನಮ್ಮ ಹಿರಿಯ ಮಗಳು ಮಂಜುಳಾ ಈ ವರ್ಷ ಹತ್ತನೆಯದು ಪಾಸಾದಳು. ಪಶುಸಂಗೋಪನೆಯ ಡಿಪ್ಲೊಮಾ ಬಿಟ್ಟು ಬೇರೇನನ್ನೂ ಓದುವುದಿಲ್ಲ ಎಂದು ಕೂತಳು. ಆ ಕಾಲೇಜಿನಲ್ಲಿ ಕುರಿ ಸಾಕುವವರ ಮಕ್ಕಳಿಗೆಂದು ಕೆಲವು ಸೀಟು ಇಟ್ಟಿದ್ದಾರೆ. ಮನೆಯಲ್ಲಿ ಕುರಿ ಇಪ್ಪತ್ತಕ್ಕೆ ಕಡಿಮೆ ಇರಬಾರದು ಎಂಬುದೊಂದೇ ಷರತ್ತು. ನಮಗೆ ಅದೇನು ಷರತ್ತೇ? ಸೀಟು ಸಿಕ್ಕಂತೆಯೇ ಎಂದು ನನ್ನ ಹೆಂಡತಿ ಈರಮ್ಮ ಅಕ್ಕಪಕ್ಕದವರಿಗೆ ಸಕ್ಕರೆ ಹಂಚಿಬಿಟ್ಟಳು.

ಲೆಕ್ಕ ಬರೆದುಕೊಳ್ಳಲು ಊರಿನ ಸಚಿವಾಲಯದ, ಎಂದರೆ ನಮ್ಮ ಆಂಧ್ರದಲ್ಲಿ ಊರ ಕಚೇರಿಯ, ಪಶು ಸಹಾಯಕ ಬಂದ. ಮನೆಗೆ ಬರಲಿಲ್ಲ, ದೊಡ್ಡಿಗೂ ಬರಲಿಲ್ಲ. ನಾನು ದೇವನಕೊಂಡದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದಾಗ, ಬೈಕಿನ ಮೇಲೆ ಕೂತೇ, ನಾಲ್ಕು ಮಂದಿಯ ನಡುವೆ, ತೆಲುಗಿನಲ್ಲಿ ಹಿರಿಯರನ್ನು ಕರೆಯುವಂತೆ ಕರೆದು ಕೇಳಿದ: “ಪೆದ್ದಾಯನಾ, ನಿಮ್ವು ಕುರಿ ಎಷ್ಟದಾವ?” ಪಕ್ಕದ ಬೆಂಚಿನಲ್ಲಿ ತಿಪ್ಪಣ್ಣ ಕೂತಿದ್ದ. ಅವನೂ ಕುರಿಯವನೇ. ಅವನ ಕಣ್ಣು ಬಿದ್ದರೆ ಕರೆಯುವ ಎಮ್ಮೆಯೂ ಒದೆಯುತ್ತದೆ. ನನ್ನ ಬಾಯಿಂದ ತಾನಾಗಿಯೇ ಬಂತು: “ಅವೇನ್ರೀ ಸಾರ್, ಒಂದ್ ಐದಾರದಾವ.” ಪುಣ್ಯಾತ್ಮ ಫೋನಿನಲ್ಲಿ ಆರು ಎಂದು ಒತ್ತಿಕೊಂಡು ಹೋದ. ಐದೂ ಅಲ್ಲ, ಆರು. ಒಂದು ಕುರಿ ದಾನ ಮಾಡಿದ!

ಕುರಿ ಸಾಲದು, ಅರ್ಜಿ ತಿರಸ್ಕೃತ ಎಂದು ಕಾಲೇಜಿನಿಂದ ಬಂತು. ಮಂಜುಳಾ ಅಳಲಿಲ್ಲ. ನನ್ನ ಜೊತೆ ಮಾತು ಬಿಟ್ಟಳು. “ಯಮ್ಮಾ, ಆರು ಕುರಿಯಾತಗ ರೊಟ್ಟಿ ಬೇಕೇನಂತ ಕೇಳು” ಎಂದು ನನ್ನ ಎದುರಿಗೇ ಅವರಮ್ಮನಿಗೆ ಹೇಳುವಳು. ಈರಮ್ಮ ರೊಟ್ಟಿ ಬಡಿಯುತ್ತಲೇ, “ಆರು ಕುರಿಯವ್ರಿಗೆ ಎರಡು ರೊಟ್ಟಿ ಹೆಚ್ಚಾತು ಬಿಡವ್ವಾ” ಎನ್ನುವಳು. ನನಗೆ ಮೈಯೆಲ್ಲ ಉರಿ. ಆದೋನಿಯ ಹತ್ತಿ ಸಾಹುಕಾರನನ್ನು ವ್ಯಾಪಾರ ಹೇಗಿದೆ ಎಂದು ಕೇಳಿ ನೋಡಿ. ಗೋದಾಮಿನಲ್ಲಿ ಹತ್ತಿ ಸೂರಿಗೆ ತಾಗಿರುತ್ತದೆ, ‘ಏನೋ ಶಿವ ನಡಸ್ಯಾನ್ರೀ’ ಎನ್ನುತ್ತಾನೆ. ಅವನನ್ನು ಯಾರಾದರೂ ಬಡವ ಎಂದು ಬರೆದುಕೊಂಡರೇ? ಅವನ ಮಗನ ಸೀಟು ಹೋಯಿತೇ? ಅವನು ಮುಚ್ಚಿಟ್ಟರೆ ವಿನಯ, ನಾನು ಮುಚ್ಚಿಟ್ಟರೆ ಸುಳ್ಳು!

ಮೇಲ್ಮನವಿ ಹಾಕಿದೆವು. ವಿಚಾರಣೆಗೆ ಅಪ್ಪ, ಮಗಳು ಇಬ್ಬರೂ ಬರಬೇಕೆಂದು ಹೇಳಿ ಕಳಿಸಿದರು. ಬಸ್ಸಿನಲ್ಲಿ ಮಂಜುಳಾ ಕಿಟಕಿ ಕಡೆಗೆ ಮುಖ ಮಾಡಿಕೊಂಡು ಕೂತಳು. ಈ ಸಲವೂ ಇಲ್ಲವೆಂದರೆ ಸೀಟು ಬೇರೆಯವರಿಗೆ ಹೋಗುತ್ತದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ಕೋಣೆಯಲ್ಲಿ ಮೂವರು ಅಧಿಕಾರಿಗಳು. ನಡುವೆ ಒಬ್ಬ ಮೇಡಂ. ಬಾಗಿಲು ಹಾರು ಹೊಡೆದಿತ್ತು. ಹೊರಗೆ ಸರದಿಯಲ್ಲಿ ನಮ್ಮ ಕಡೆಯ ಜನವೇ ಕತ್ತು ಚಾಚಿ ನಿಂತಿದ್ದರು. ಮೇಡಂ ತೆಲುಗಿನಲ್ಲಿ ಕೇಳಿದರು: “ಎನ್ನಿ ಗೊರ್ರೆಲು ಉನ್ನಾಯಿ?” ಅದೇ ಪ್ರಶ್ನೆ, ಭಾಷೆ ಬೇರೆ.

“ಬಾಗಿಲು ಹಾಕಿಸ್ರಿ ಮೇಡಂ, ಹೇಳ್ತೀನಿ” ಎಂದೆ.

“ಕುರಿ ಲೆಕ್ಕಕ್ಕೆ ಬಾಗಿಲು ಯಾಕೆ?” ಎಂದರು, ಈಗ ಕನ್ನಡದಲ್ಲಿ.

“ಹಂಗಾರ ನಿಮ್ಮ ಕಿವ್ಯಾಗ ಹೇಳ್ತೀನ್ರಿ.”

ಪಕ್ಕದ ಅಧಿಕಾರಿ ಕುರ್ಚಿ ಹಿಂದಕ್ಕೆ ಸರಿಸಿಕೊಂಡರು. ಮೇಡಂ ಪೆನ್ನು ಕೆಳಗಿಟ್ಟರು. “ಮೊದಲು ಆರು ಅಂದಿರಿ, ಈಗ ಕಿವಿಯಲ್ಲಿ ಅಂತೀರಿ. ಇರೋದಾದರೆ ಗಟ್ಟಿಯಾಗಿ ಹೇಳೋಕೆ ಏನು ಕಷ್ಟ?”

ಇರೋದಾದರೆ! ಮೂವತ್ತೈದು ಬೇಸಿಗೆ ತಲೆಯ ಮೇಲೆ ಹೊತ್ತವನಿಗೆ ಇರೋದಾದರೆ ಎನ್ನುತ್ತಾರೆ. ಬಾಯಿ ತೆರೆದೆ, ಬಾಗಿಲಾಚೆಯ ಕಣ್ಣುಗಳನ್ನು ಕಂಡೆ, ಮುಚ್ಚಿದೆ. ಆಗ ಮಂಜುಳಾ ತಾನೇ ನನ್ನ ಕಡೆ ತಿರುಗಿದಳು.

“ಯಪ್ಪಾ, ಕುರಿಗೆ ದಿಷ್ಟಿ ಆದ್ರ ಮೆಣಸಿನಕಾಯಿ ನಿವಾಳಿಸಿ ಒಲ್ಯಾಗ ಹಾಕ್ತೀ. ನನ್ನ ಸೀಟು ಹೋದ್ರ ಏನು ನಿವಾಳಿಸ್ತೀ?”

ಅಷ್ಟು ದಿನಗಳ ಮೇಲೆ ನನ್ನೊಡನೆ ಆಡಿದ ಮಾತು ಅದು. ನನಗೆ ಬಂದದ್ದು ಸಿಟ್ಟೇ ಎಂದುಕೊಂಡು, ಗುಡ್ಡದ ಆಚೆ ಹೋದ ಕುರಿಯನ್ನು ಕೂಗುವ ದನಿಯಲ್ಲಿ ಕೂಗಿಬಿಟ್ಟೆ:

“ಅರವತ್ತೆರಡು! ಬರ್ಕೊಳ್ರಿ! ಅರವತ್ತೆರಡು!”

ಪಕ್ಕದ ಕೋಣೆಯ ಗುಮಾಸ್ತ ಎದ್ದು ಬಂದ. ಸರದಿಯಲ್ಲಿದ್ದ ಯಾರೋ ‘ಅಬ್ಬಾ’ ಎಂದರು. ಆ ಅಬ್ಬಾ ಎನ್ನುವುದೇ ದಿಷ್ಟಿ. ನಾನು ಒಳಗೊಳಗೇ ಥೂ ಎಂದು ಉಗಿದೆ.

ಬಂದು ಎಣಿಸಿಕೊಂಡು ಹೋಗಲಿ ಎಂದು ಆದೇಶವಾಯಿತು. ಎಣಿಸಲು ಬಂದವನು ಅದೇ ಪುಣ್ಯಾತ್ಮ! ಈ ಸಲ ಬೈಕಿನಿಂದ ಇಳಿಸಿದೆ. ದೊಡ್ಡಿಯೊಳಗೆ ನಿಂತು ಬೆರಳು ಚಾಚಿ ಎಣಿಸಿದ, ಐವತ್ತೆಂಟು. ಮತ್ತೆ ಎಣಿಸಿದ, ಎಪ್ಪತ್ತು. ಟಗರೊಂದು ಹಿಂದಿನಿಂದ ಅವನ ಲೆಕ್ಕ ತಪ್ಪಿಸಿತು. ನಾನು ನೋಡಿಯೂ ತಡೆಯಲಿಲ್ಲ. ಕೊನೆಗೆ ಮಂಜುಳಾ ಗೇಟಿನಲ್ಲಿ ನಿಂತು ಒಂದೊಂದಾಗಿ ಹೊರಗೆ ಬಿಟ್ಟಳು. ಅರವತ್ತೆರಡು ಬರೆದುಕೊಂಡ. ಮಂಜುಳಾಗೆ ಸೀಟು ಸಿಕ್ಕಿತು.

ಅಲ್ಲಿಗೆ ಸಿಟ್ಟು ಇಳಿಯಬೇಕಿತ್ತು, ಇಳಿಯಲಿಲ್ಲ. ಊರಿನಲ್ಲಿ ನನ್ನ ಹೆಸರು ಹೋಗಿ ‘ಅರವತ್ತೆರಡು’ ನಿಂತಿದೆ. ‘ಅರವತ್ತೆರಡಣ್ಣಾ, ಚಾ ಕುಡಿ ಬಾ’ ಎನ್ನುತ್ತಾರೆ. ಅದಕ್ಕಿಂತ ಹೆಚ್ಚಿನ ಸಿಟ್ಟು ಕುರಿಗಳ ಮೇಲೆ. ಒಂದಾದರೂ ಕುಂಟಬೇಡವೇ? ಒಂದಾದರೂ ಮೇವು ಬಿಡಬೇಡವೇ? ಇಷ್ಟು ವರ್ಷ ನಾನು ಬಾಯಿಗೆ ಹೊಲಿಗೆ ಹಾಕಿಕೊಂಡು ಕಾದದ್ದು ಯಾವುದರಿಂದ? ಕೂಗಿ ಹೇಳಿದ ಮೇಲೆ ಎರಡು ಮರಿ ಹೆಚ್ಚಾಗಿವೆ, ದುಂಡಗಿವೆ, ದುರಹಂಕಾರದಿಂದ ಜಿಗಿಯುತ್ತಿವೆ.

ಮೊನ್ನೆ ಅದೇ ಹೋಟೆಲಿನಲ್ಲಿ ತಿಪ್ಪಣ್ಣನ ಪಕ್ಕ ಕೂತು, ನನ್ನದಂತೂ ಲೋಕಕ್ಕೆಲ್ಲ ಗೊತ್ತಾಗಿದೆಯಲ್ಲ ಎಂದು ಕೇಳಿದೆ: “ನಿನ್ವು ಎಷ್ಟದಾವಲೇ ತಿಪ್ಪಣ್ಣಾ?”

ಅವನು ಚಹಾ ಊದಿಕೊಂಡು ಹೇಳಿದ: “ಅವೇನಣ್ಣಾ, ಒಂದ್ ಐದಾರದಾವ.”

ಎಂಥಾ ಸುಳ್ಳುಗಾರ! ಕುದಿಯುತ್ತಾ ಮನೆಗೆ ಬಂದು ಇದನ್ನು ಬರೆಯಲು ಕೂತೆ. ನಾನು ಅವನಂಥವನಲ್ಲ. ಈಗ ನನ್ನಲ್ಲಿರುವುದು: ಕುರಿ ಅರವತ್ತನಾಲ್ಕು, ಮೇಕೆ ಮೂರು, ನಾಯಿ ಒಂದು, ಹೆಂಡತಿ ಒಬ್ಬಳು, ಮಕ್ಕಳು ಮೂವರು; ಅವರಲ್ಲಿ ಕಾಲೇಜಿಗೆ ಹೋಗುವವಳು ಒಬ್ಬಳು.