ಗ್ವಾಡಿ ಮ್ಯಾಲಿನ ಅಲ್ಲಾಸಾಬ

"ಇನ್ನ ಎಂಟ ದಿನದಾಗ ನಮ್ಮವ್ವಗ ಹೊತ್ತು ತಿರುಗಿ ತಂದ ಕೊಡತೇನಿ! ಕೊಡಲಿಲ್ಲಂದ್ರ ಅಂಗಡಿ ಬೋರ್ಡ್ ಇಳಿಸಿ ಒಲಿಗೆ ಹಾಕತೇನಿ!"

ಸಂಶಿ ಊರಿನ ಅಲ್ಲಾಸಾಬ ನದಾಫ ಈ ಘೋರ ಪ್ರತಿಜ್ಞೆ ಮಾಡಿದ್ದು ಊಟದ ತಾಟಿನ ಮುಂದೆ, ಬಲಗೈಯಲ್ಲಿ ಅರ್ಧ ರೊಟ್ಟಿ ಹಿಡಿದುಕೊಂಡು. ಕೇಳಿಸಿಕೊಂಡವರು ಇಬ್ಬರು: ತಾಯಿ ಜೈನಬಿ, ಹೆಂಡತಿ ಮುಮತಾಜ್. ಜೈನಬಿ ಅದನ್ನು ಅರ್ಧ ನಿಮಿಷದಲ್ಲಿ ಮರೆತಳು. ಮುಮತಾಜ್ ಇವತ್ತಿಗೂ ಮರೆತಿಲ್ಲ.

ಅಲ್ಲಾಸಾಬನ ಹಿರಿಯರು ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದವರು. ಸ್ಪಂಜಿನ ಗಾದಿಗಳು ಬಂದು ಹತ್ತಿಯನ್ನೆಲ್ಲ ಹಾರಿಸಿಕೊಂಡು ಹೋದ ಮೇಲೆ ಇವನು ಮೋಟರ್ ವೈಂಡಿಂಗ್ ಕಲಿತು, ಬಸ್‌ಸ್ಟ್ಯಾಂಡಿನ ಬಾಜು ರಿಪೇರಿ ಅಂಗಡಿ ಹಾಕಿದ. ಸುಟ್ಟ ಮೋಟರು, ಒದರುವ ಮಿಕ್ಸರು, ತಿರುಗದ ಫ್ಯಾನು, ಯಾವುದೇ ಬರಲಿ, ತನ್ನ ಕೈಗೆ ಬಂದದ್ದು ಕೆಟ್ಟೇ ಉಳಿದದ್ದಿಲ್ಲ ಎಂಬುದು ಅವನ ಹೇಳಿಕೆ. ಗಿರಾಕಿಗಳ ಹೇಳಿಕೆ ಬೇರೆ ಇತ್ತು. ಆದರೆ ಅವರನ್ನು ಕೇಳಿದವರು ಯಾರು?

ಹೀಗಿರುವಾಗ ತಾಯಿಗೆ ಮರೆವಿನ ರೋಗ ಬಂತು. ಹುಬ್ಬಳ್ಳಿಯ ಡಾಕ್ಟರು, "ಔಷಧಕ್ಕ ತಿರುಗಿ ಬರೂವಂಥಾದ್ದಲ್ಲ ಇದು. ವಾರ ಯಾವ್ದು, ಹೊತ್ತೆಷ್ಟು ಅಂತ ಅವರಿಗೆ ಗೊತ್ತಾಗೂ ಹಂಗ ಏನರೆ ಮಾಡ್ರಿ. ಗಾಬರಿ ಕಡಿಮಿ ಆಗತೈತಿ" ಎಂದಿದ್ದರು. ಜೈನಬಿಯ ಗಾಬರಿ ಎಂದರೆ ಒಂದೇ ಪ್ರಶ್ನೆ: "ಹೊತ್ತೆಷ್ಟಾತೋ ಅಲ್ಲಾಸಾಬ?" ಹೇಳಿದರೆ, "ಹೌದಾ?" ಅನ್ನುವಳು. ಸೆರಗು ಸರಿ ಮಾಡಿಕೊಳ್ಳುವಳು. ಮತ್ತೆ, "ಹೊತ್ತೆಷ್ಟಾತೋ?" ಒಂದು ಮಧ್ಯಾಹ್ನ ಅಲ್ಲಾಸಾಬ ಎಣಿಸಿದ. ತಾಟಿಗೆ ಕೂತಲ್ಲಿಂದ ಕೈ ತೊಳೆಯುವತನಕ ನಲವತ್ತೊಂದು ಸಲ!

ಮಗನ ಮುಖದ ಗುರುತು ಅವಳಿಗೆ ಒಮ್ಮೆ ಹತ್ತುತ್ತಿತ್ತು, ಒಮ್ಮೆ ಇಲ್ಲ. ಕೆಲವು ದಿನ ಅವನು ಹಿಟ್ಟಿನ ಗಿರಣಿಯವನಾಗುತ್ತಿದ್ದ, ಕೆಲವು ದಿನ ಲೈಟ್ ಬಿಲ್ಲಿನವನು. ಆದರೆ ದನಿ ಮಾತ್ರ ಎಂದೂ ತಪ್ಪಿರಲಿಲ್ಲ. ಹೊಸ್ತಿಲ ಹೊರಗಿನಿಂದ "ಯವ್ವಾ" ಅಂದರೆ ಸಾಕು, ಒಳಗಿನಿಂದ "ಬಂದೀಯೇನೋ ಅಲ್ಲಾಸಾಬ?" ಎಂದು ಉತ್ತರ. ಆ ಒಂದು ಮಾತಿಗಾಗಿ ಅವನು ದಿನಾ ಮಧ್ಯಾಹ್ನ ಅಂಗಡಿ ಮುಚ್ಚಿ ಮನೆಗೆ ಬರುತ್ತಿದ್ದ. ಅದರ ಬೆನ್ನಿಗೇ ಬರುವ ನಲವತ್ತೊಂದಕ್ಕೆ ಹೆದರಿ ಹದಿನೈದು ನಿಮಿಷದಲ್ಲಿ ಓಡುತ್ತಿದ್ದ. ಖರೆ ಹೇಳಬೇಕೆಂದರೆ ಗಡಿಯಾರ ಬೇಕಾಗಿದ್ದದ್ದು ಜೈನಬಿಗಲ್ಲ, ಅಲ್ಲಾಸಾಬನಿಗೆ. ಪ್ರತಿಜ್ಞೆ ಮಾಡುವಾಗ ಇಂಥ ವಿವರಗಳನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೇ.

ಮಗಳು ನಾಜಮೀನ್ ಕರೋನಾ ಕಾಲದ ಆನ್‌ಲೈನ್ ಕ್ಲಾಸಿಗೆಂದು ಹಟ ಹಿಡಿದು ತರಿಸಿಕೊಂಡಿದ್ದ ಟ್ಯಾಬು, ಅವಳ ಲಗ್ನವಾದ ಮೇಲೆ ಅಲಮಾರಿಯಲ್ಲಿ ಸೀರೆಗಳ ಬುಡದಲ್ಲಿ ನಿವೃತ್ತಿ ಜೀವನ ನಡೆಸುತ್ತಿತ್ತು. ಅಲ್ಲಾಸಾಬ ಅದನ್ನು ಹೊರಗೆಳೆದ. ಗೇಮು, ಫೋಟೋ, ಹಾಡು ಎಲ್ಲ ಅಳಿಸಿದ. ಅದು ಮಲಗದಂತೆ, ಕಪ್ಪಾಗದಂತೆ ಕಟ್ಟಪ್ಪಣೆ ಮಾಡಿದ. ಬೇವಿನ ಕಟ್ಟಿಗೆಯ ಚೌಕಟ್ಟು ಹೊಡೆದು, ವೈರನ್ನು ಪೈಪಿನಲ್ಲಿ ಅಡಗಿಸಿ, ತಾಯಿಯ ಮಂಚದ ಎದುರು ಗೋಡೆಗೆ ಕೂರಿಸಿದ. ಅಂಗೈಯಗಲದ ಅಕ್ಷರ ಮೂಡಿತು: 'ಮಂಗಳವಾರ. ಮುಂಜಾನೆ. 9:20.'

"ನೋಡ!" ಎಂದು ಹೆಂಡತಿಯನ್ನು ಕರೆದ. "ಕುರುಡಗೂ ಕಾಣಬೇಕು, ಅಷ್ಟ ದೊಡ್ಡದು!"

ಮುಮತಾಜ್ ನೋಡಿದಳು. ಅತ್ತೆಯನ್ನೂ ನೋಡಿದಳು. ಜೈನಬಿ ಗೋಡೆಯ ಮೇಲಿನ ಬೆಳಕನ್ನು ಕಂಡು, ಲೈಟು ಚಲೋ ಐತಿ ಎಂಬಂತೆ ತಲೆಯಾಡಿಸುತ್ತಿದ್ದಳು.

"ಎಲ್ಲಾ ಬರೊಬ್ಬರಿ ಐತ್ರಿ," ಎಂದಳು ಮುಮತಾಜ್. "ಆದ್ರ ಅತ್ತಿಯವರಿಗೆ ಓದಾಕ ಬರೂದಿಲ್ಲಲ್ಲ?"

ನಲವತ್ತೆಂಟು ವರ್ಷದಿಂದ ಮಗನಾಗಿದ್ದವನಿಗೆ ಇದು ನೆನಪೇ ಆಗಿರಲಿಲ್ಲ. ಆ ಮನೆಯಲ್ಲಿ ಮರೆವಿನ ರೋಗ ಯಾರಿಗೆ ಎಂಬ ಪ್ರಶ್ನೆ ಒಂದು ಗಳಿಗೆ ಫ್ಯಾನಿಗೆ ಜೋತುಬಿದ್ದು ತಿರುಗಿತು.

"ಅದೂ ನನಗ ಗೊತ್ತೈತಿ," ಎಂದ. "ಇದು ಮೊದಲನೇ ಹಂತ. ಎರಡನೇ ಹಂತದಾಗ ಮಾತಾಡತೈತಿ!"

ಮಾತಾಡಿತು. ತಾಸಿಗೊಮ್ಮೆ ಒಬ್ಬ ಹೆಂಗಸು ಜೇನು ಸುರಿದಂತೆ, "ಈಗ ಸಮಯ ಹತ್ತು ಗಂಟೆ" ಅನ್ನತೊಡಗಿದಳು. ಜೈನಬಿ ಮಂಚದಿಂದಿಳಿದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದು ಸೊಸೆಯ ಕಿವಿಯಲ್ಲಿ ಉಸುರಿದಳು:

"ನಿನ್ನ ಗಂಡ ಯಾರನ್ನೋ ಕರಕೊಂಡ ಬಂದಾನವಾ. ಮಾತ ಕೇಳಿದ್ರ ಬೆಂಗಳೂರ ಕಡೀದಾಕಿ. ರೊಟ್ಟಿ ಬಡಿಯಾಕ ಬರಲಿಕ್ಕಿಲ್ಲ, ನೀ ಅಂಜಬ್ಯಾಡ."

"ತಾಸಿಗೊಮ್ಮೆ ಒಂದ ಮಾತಾಡಿ ಸುಮ್ಮನ ಆಗತಾಳ್ರಿ ಅತ್ತಿ," ಎಂದಳು ಮುಮತಾಜ್. "ಅಂಥಾಕಿ ಸಿಕ್ಕರ ನಿಮ್ಮ ಮಗಾ ಬಿಡತಾನೇನು?"

ಸಂಜೆಗೆ ಆ ಬೆಂಗಳೂರಿನವಳನ್ನು ಮನೆಯಿಂದ ಓಡಿಸಲಾಯಿತು. ತಾಯಿಗೆ ಗುರುತು ಸಿಗುವ ದನಿ ಒಂದೇ ಅಲ್ಲವೇ? ಅಲ್ಲಾಸಾಬ ತನ್ನ ದನಿಯನ್ನೇ ತುಂಬಲು ಕೂತ. ಗಂಟಲು ಸರಿ ಮಾಡಿಕೊಂಡು, "ಯವ್ವಾ, ಹನ್ನೊಂದಾತು" ಎಂದ.

"ಇಷ್ಟ ಅಂದ್ರ ಬಸ್‌ಸ್ಟ್ಯಾಂಡಿನ ಮೈಕ್ ಆತಲ್ಲ," ಎಂದಳು ಮುಮತಾಜ್. "ಮನಿ ಮಂದಿ ಹಂಗ ಮಾತಾಡತಾರೇನ್ರಿ? ಮುಂದ ಒಂದ ಮಾತ ಕೂಡಸ್ರಿ."

ಕೂಡಿಸಿದ. "ಯವ್ವಾ, ಹನ್ನೊಂದಾತು. ಊಟ ಆತೇನ್ ಬೇ?"

ಮುಂಜಾನೆ ಏಳರಿಂದ ಸಂಜೆ ಏಳರವರೆಗೆ, ತಾಸಿಗೊಂದರಂತೆ.

ಪವಾಡ! ಮರುದಿನದಿಂದ ಜೈನಬಿ ಹೊತ್ತು ಕೇಳುವುದನ್ನೇ ಬಿಟ್ಟಳು. ಗೋಡೆ "ಯವ್ವಾ" ಅಂದರೆ, "ಏನಪಾ?" ಅನ್ನುವಳು. "ಹನ್ನೊಂದಾತು" ಅಂದರೆ, "ಹೌದಾ?" ಎಂದು ತಣ್ಣಗೆ ಕೂರುವಳು. ಅಲ್ಲಾಸಾಬ ಅಂಗಡಿಯಲ್ಲಿ ಕಾಲ ಮೇಲೆ ಕಾಲು ಹಾಕಿದ. "ನಾ ಇಲ್ಲೂ ಅದೇನಿ, ಮನ್ಯಾಗೂ ಅದೇನಿ. ಒಂದ ಪಗಾರದಾಗ ಎರಡ ಡ್ಯೂಟಿ!" ಎಂದು ಬಂದ ಗಿರಾಕಿಗೆಲ್ಲ ಹೇಳಿದ. ಮಧ್ಯಾಹ್ನ ಮನೆಗೆ ಬರುವುದನ್ನೂ ಬಿಟ್ಟ. ಗೋಡೆಯ ಮೇಲೆ ತಾನೇ ಇರುವಾಗ ಮತ್ತೊಮ್ಮೆ ತಾನೇ ಯಾಕೆ ಹೋಗಬೇಕು? ಬುತ್ತಿ ಅಂಗಡಿಗೇ ಬಂತು.

ಈಗ ಓದುಗರು ಒಂದು ಮಾತು ಮನಸ್ಸಿಗೆ ತಂದುಕೊಳ್ಳಬೇಕು. ನಮ್ಮ ಕಡೆ "ಊಟ ಆತ್ರಿ?" ಎಂಬುದು ಪ್ರಶ್ನೆಯೇ ಅಲ್ಲ. ಬಸ್ಸಿಳಿದವನಿಗೂ ಅದೇ, ದವಾಖಾನೆಯಿಂದ ಬಂದವನಿಗೂ ಅದೇ, ಮುಂಜಾನೆ ಹಲ್ಲುಜ್ಜುತ್ತ ನಿಂತವನಿಗೂ ಅದೇ. ಹೊಟ್ಟೆಯಲ್ಲಿ ಇಲಿ ಓಡುತ್ತಿದ್ದರೂ "ಆತ್ರಿ, ನಿಮ್ದು?" ಅನ್ನಬೇಕು, ಮುಂದೆ ನಡೆಯಬೇಕು. "ಇಲ್ಲ" ಅಂದವರನ್ನು ಈ ಸೀಮೆ ಕಂಡಿಲ್ಲ. ಆದರೆ ಜೈನಬಿಗೆ ರೋಗ ಈ ಶಿಷ್ಟಾಚಾರವನ್ನೂ ತಿಂದು ಹಾಕಿತ್ತು. ಅವಳು ಪ್ರಶ್ನೆಯನ್ನು ಪ್ರಶ್ನೆ ಎಂದೇ ತಿಳಿದಳು. ಯೋಚನೆ ಮಾಡಿದಳು. ಉಂಡದ್ದು ನೆನಪಿರಲಿಲ್ಲ. ಪ್ರಾಮಾಣಿಕವಾಗಿ ಗೋಡೆಗೆ ಹೇಳಿದಳು: "ಇಲ್ಲಪಾ."

ದಿನಕ್ಕೆ ಹದಿಮೂರು ಸಲ "ಇಲ್ಲಪಾ!"

ನಾಲ್ಕನೆಯ ದಿನ ಕಟ್ಟೆಗೆ ಬಂದು ಕೂತು, ಎದುರು ಮನೆಯ ಕೆಂಚವ್ವನಿಗೆ ಗುಟ್ಟು ಒಪ್ಪಿಸಿದಳು. "ನನ್ನ ಮಗಾ ತಾಸ ತಾಸಿಗೆ ಕೇಳಾಕತ್ತಾನವಾ, ಊಟ ಆತೇನ್ ಅಂತ. ಸೊಸಿ ಮ್ಯಾಲೆ ಅಂವಗ ಸಂಶೆ ಬಂದೈತಿ."

ಕೆಂಚವ್ವನ ಕರುಳು ಚುರ್ ಎಂದಿತು. ಒಂದು ಬಟ್ಟಲು ಗೋಧಿ-ಬೆಲ್ಲದ ಮಾದಲಿ, ಮೇಲೆ ಹಾಲು, ಮೇಲೆ ತುಪ್ಪ. ಮರುದಿನ ಬಲಗಡೆ ಮನೆಯಿಂದ ಶಿರಾ. ಅದರ ಮರುದಿನ ಹಿಂದಿನ ಓಣಿಯಿಂದ ಹೋಳಿಗೆ. ಎಲ್ಲ ಕಿಟಕಿಯ ಸರಳಿನಿಂದ, ಮುಮತಾಜ್ ನೀರಿಗೆ ಹೋದ ಹೊತ್ತು ನೋಡಿ. ಸಕ್ಕರೆ ರೋಗದ ಮುದುಕಿ ಬೆಲ್ಲ-ಸಕ್ಕರೆ ಎಲ್ಲವನ್ನೂ ಭೇದವಿಲ್ಲದೆ ಸ್ವೀಕರಿಸಿದಳು. ವಾರದ ಕೊನೆಗೆ ರಕ್ತ ತಪಾಸಣೆ ಮಾಡಿದರೆ ಶುಗರ್ ಮುನ್ನೂರಾ ಅರವತ್ತು! ಸಾಲದ್ದಕ್ಕೆ ಕೆಂಚವ್ವ ನಳದ ಮುಂದೆ, ನಾಲ್ಕು ಕೊಡಗಳ ಸಾಕ್ಷಿಯಲ್ಲಿ, "ಹಿರೇ ಜೀವನ್ನ ಹಸವಿಲೇ ಕೊಲ್ಲಬ್ಯಾಡವಾ ಮುಮತಾಜ್" ಎಂದುಬಿಟ್ಟಳು.

ಮುಮತಾಜ್ ನೇರ ಅಂಗಡಿಗೆ ಬಂದಳು. ಗಿರಾಕಿ ಇದ್ದರು. ಇರಲಿ ಎಂದಳು.

"ಇಪ್ಪತ್ತಾರ ವರ್ಷ ಆ ಮನ್ಯಾಗ ರೊಟ್ಟಿ ಬಡದೇನ್ರಿ! ನಿಮ್ಮ ಒಂದ ಮಾತಿಗೆ ಓಣ್ಯಾಗ ದೆವ್ವಾಗಿ ಕುಂತೆ. ಕೇಳೂದಿದ್ರ ಮನಿಗೆ ಬಂದ ಕೇಳ್ರಿ. ಇಲ್ಲಂದ್ರ ಆ ಗ್ವಾಡಿ ಬಾಯಿ ಮುಚ್ಚಸ್ರಿ."

ಅಲ್ಲಾಸಾಬ ಗೋಡೆಯ ಬಾಯಿ ಮುಚ್ಚಿಸಲಿಲ್ಲ, ತಿದ್ದಿದ. ಪ್ರಶ್ನೆ ಕೇಳಿದ್ದಕ್ಕಲ್ಲವೇ ಫಜೀತಿ? ಪ್ರಶ್ನೆಯೇ ಬೇಡ! "ಯವ್ವಾ, ನಿಂದು ಊಟ ಆಗೇತಿ. ಗುಳಿಗಿನೂ ಆಗೇತಿ. ಆರಾಮ ಕೂಡು." ಒಂದು ಸಲ ಹೇಳಿ, ಹದಿಮೂರು ಕಡೆಗೂ ಅದನ್ನೇ ಅಂಟಿಸಿದ. ರಿಪೇರಿಯವರ ಬುದ್ಧಿ ಅದು. ಒಂದಕ್ಕೆ ಹೊಂದಿದರೆ ಎಲ್ಲಕ್ಕೂ ಹೊಂದಿತು!

ಹೀಗಾಗಿ ಜೈನಬಿಯ ಊಟ ಮುಂಜಾನೆ ಏಳಕ್ಕೇ ಆಗಿಹೋಗುತ್ತಿತ್ತು. ಎಂಟಕ್ಕೂ ಆಗಿರುತ್ತಿತ್ತು, ಒಂದಕ್ಕೂ ಆಗಿರುತ್ತಿತ್ತು. ಮುಮತಾಜ್ ತಾಟು ತಂದರೆ ಕೈ ಅಡ್ಡ. "ಆಗೇತಿ ಅಂತ ನನ್ನ ಮಗಾ ಹೇಳ್ಯಾನು. ಅಂವ ಸುಳ್ಳ ಹೇಳೂದಿಲ್ಲ." ರಾತ್ರಿ ಗೋಡೆ ಸುಮ್ಮನಾದ ಮೇಲೆ ಎರಡು ತುತ್ತು ಇಳಿದರೆ ಹೆಚ್ಚು. ಮುಮತಾಜ್ ಫೋನ್ ಮಾಡಿದಳು. ಅಲ್ಲಾಸಾಬ ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಹೇಳುತ್ತ ಬಂದದ್ದನ್ನೇ ಹೇಳಿದ: "ಇನ್ನೆರಡ ದಿನ ನೋಡೂಣು. ತಾನ ಸೆಟ್ ಆಗತೈತಿ."

ಮೂರನೆಯ ದಿನ ಮಧ್ಯಾಹ್ನ ಮತ್ತೆ ಫೋನು. ಈ ಸಲ ಮುಮತಾಜ್ ಜಗಳ ಮಾಡಲಿಲ್ಲ. "ಅತ್ತಿ ಕೈ ನಡಗಾಕತ್ತಾವು. ಮೈ ತಣ್ಣಗಾಗೇತಿ. ಬರ್ರಿ" ಎಂದಳು, ಅಷ್ಟೇ.

ಗೋಡೆ ಬಾಯಿ ಬಿಡುವುದಕ್ಕೂ ಮೊದಲು, ಬೆಳಗಾಮುಂಜಾನೆ ಮುದುಕಿ ಶುಗರಿನ ಗುಳಿಗೆ ನುಂಗಿದ್ದಳು. ಅದರ ಮೇಲೆ ಏನೂ ಬಿದ್ದಿರಲಿಲ್ಲ. ಅಲ್ಲಾಸಾಬ ಓಡಿ ಬರುವಷ್ಟರಲ್ಲಿ ಮುಮತಾಜ್ ಸಕ್ಕರೆ ನೀರು ಕುಡಿಸಿ, ಜೀವ ಹಿಡಿದು ಕೂರಿಸಿದ್ದಳು. ಡಾಕ್ಟರು ಫೋನಿನಲ್ಲಿ, "ಈಗಿಂದೀಗ ಊಟ ಮಾಡಸ್ರಿ. ಇಲ್ಲಂದ್ರ ಸೀದಾ ಹುಬ್ಬಳ್ಳಿಗೆ ಕರಕೊಂಡ ಬರ್ರಿ" ಎಂದಿದ್ದರು. ಸೊಸೆಯ ಕೈಯ ತುತ್ತಿಗೆ ಮುದುಕಿ ತುಟಿ ಬಿಚ್ಚಲಿಲ್ಲ.

ಅಲ್ಲಾಸಾಬ ಹೊಸ್ತಿಲಲ್ಲೇ ನಿಂತು, ಏದುಸಿರಿನಲ್ಲಿ ಕರೆದ: "ಯವ್ವಾ!"

ಜೈನಬಿಯ ಮುಖ ಅರಳಿತು. "ಬಂದೀಯೇನೋ ಅಲ್ಲಾಸಾಬ?" ಎಂದಳು.

ಗೋಡೆಗೆ ಹೇಳಿದಳು.

ಆಮೇಲೆ ಬಾಗಿಲ ಕಡೆ ತಿರುಗಿ, ಸೆರಗು ತಲೆಗೆಳೆದುಕೊಂಡು, "ಬರ್ರಿ, ಒಳಗ ಬರ್ರಿ. ಯಾರ ಬೇಕಾಗಿತ್ರಿ? ನಮ್ಮ ಅಲ್ಲಾಸಾಬ ಮನ್ಯಾಗ ಅದಾನ" ಎಂದಳು.

ಅವನು ಹತ್ತಿರ ಕೂತ. "ಯವ್ವಾ, ನಾನ ಅಲ್ಲಾಸಾಬ" ಎಂದ. ಅವಳು ಅವನನ್ನು ನೋಡಿದಳು, ಗೋಡೆಯನ್ನು ನೋಡಿದಳು, ಮತ್ತೆ ಅವನನ್ನು ನೋಡಿ ದೊಡ್ಡ ಮನಸ್ಸಿನಿಂದ ನಕ್ಕಳು. "ದನಿ ಹಂಗ ಐತಿ ಬಿಡ್ರಿ. ಆದ್ರ ನನ್ನ ಮಗಾ ನನ್ನ ಬಿಟ್ಟ ಎಲ್ಲೂ ಹೋಗೂದಿಲ್ಲ. ಇಡೀ ದಿನಾ ಇಲ್ಲೇ ಇರತಾನು."

ರೋಷವೋ ನಾಚಿಕೆಯೋ, ಅಲ್ಲಾಸಾಬ ಎದ್ದು ಟ್ಯಾಬನ್ನು ಚೌಕಟ್ಟಿನಿಂದ ಕಿತ್ತ. ನಡುಗುವ ಮುದುಕಿಗೆ ಆ ದನಿ ಎಲ್ಲಿಂದ ಬಂತೋ! "ಅಯ್ಯಯ್ಯೋ! ನನ್ನ ಮಗನ್ನ ಒಯ್ಯಾಕತ್ತಾರ ಬರ್ರ್ಯೋ! ಕೆಂಚವ್ವಾ!" ಕೆಂಚವ್ವ ಬಂದಳು. ಓಣಿಯೂ ಬಂತು. ಮಗನನ್ನು ಕಳವು ಮಾಡುತ್ತಿದ್ದ ಮಗ, ಟ್ಯಾಬನ್ನು ಎದೆಗವಚಿಕೊಂಡು ಊರ ಮುಂದೆ ನಿಂತ. ತೆಪ್ಪಗೆ ತಿರುಗಿ ಅಲ್ಲೇ ಸಿಕ್ಕಿಸಿದ.

"ಈಗ ಅಕಿ ಒಬ್ಬನ ಮಾತ ಕೇಳತಾಳ," ಎಂದಳು ಮುಮತಾಜ್. "ಅಂವನ ಕಡಿಂದನ ಹೇಳಸ್ರಿ."

ಅಲ್ಲಾಸಾಬ ಹಿತ್ತಲಿಗೆ ಹೋದ. ಬಚ್ಚಲ ಕಟ್ಟೆಯ ಮೇಲೆ ಕೂತು, ಫೋನು ಬಾಯಿಗೆ ಹಿಡಿದು, ಗೋಡೆಯ ಮೇಲಿನ ತನ್ನನ್ನು ತನ್ನ ಪರವಾಗಿ ಬೇಡಿಕೊಂಡ. ಎರಡು ಸಲ ದನಿ ಒಡೆಯಿತು. ಮೂರನೆಯದು ಹೊಂದಿತು. ಟ್ಯಾಬಿಗೆ ಕಳಿಸಿದ. ಮುಮತಾಜ್ ಧೂಳು ಒರೆಸುವ ನೆವ ಮಾಡಿ ಬೆರಳು ಒತ್ತಿದಳು.

"ಯವ್ವಾ," ಎಂದಿತು ಗೋಡೆ. "ನಿಂದಿನ್ನೂ ಊಟ ಆಗಿಲ್ಲ. ಮಗ್ಗಲಕ ಕುಂತಾರಲ್ಲ, ಅವರು ನಮ್ಮವರ. ಅವರ ಕೈಲೆ ಉಣ್ಣು."

"ಆತಪಾ," ಎಂದಳು ಜೈನಬಿ. ಬಾಯಿ ತೆರೆದಳು.

ಅಲ್ಲಾಸಾಬ ರೊಟ್ಟಿಯನ್ನು ಬೇಳೆಯಲ್ಲಿ ಮೆತ್ತಗೆ ಕಿವುಚಿ ತುತ್ತು ಮಾಡಿ ಇಟ್ಟ. ಒಂದು. ಎರಡು. ಅವಳು ಅವನ ಮುಖ ನೋಡುತ್ತ ನಿಧಾನಕ್ಕೆ ಅಗಿದಳು. ತಾಟು ಖಾಲಿಯಾಗುವತನಕ ಒಮ್ಮೆಯೂ ಹೊತ್ತು ಕೇಳಲಿಲ್ಲ. ಅವನು ಕಾಯುತ್ತಿದ್ದ. ಒಂದೇ ಒಂದು ಸಲ ಕೇಳಿದ್ದರೂ ಸಾಕಿತ್ತು.

ಬಾಯಿ ಒರೆಸಿದ ಮೇಲೆ ಜೈನಬಿ ಮರ್ಯಾದೆಯಿಂದ ವಿಚಾರಿಸಿದಳು. "ಭಾಳ ಚಲೋ ಉಣಸ್ತೀರಿ. ನಿಮಗ ತಾಯಿ ಅದಾರೇನ್ರಿ?"

"ಅದಾರ್ರಿ," ಎಂದ ಅಲ್ಲಾಸಾಬ.

"ಹಂಗಾರ ಇಲ್ಲೇನ ಕುಂತೀರಿ? ಮದ್ಲ ಮನಿಗೆ ಹೋಗ್ರಿ," ಎಂದಳು ಜೈನಬಿ. "ಪಾಪ, ಹಾದಿ ನೋಡತಿರಬೇಕು. ಎಲ್ಲಾರಿಗೂ ನನ್ನ ಮಗನಂಥಾ ಮಗಾ ಎಲ್ಲಿ ಸಿಗಬೇಕ್ರಿ?"