ಗೆರೆ ದಾಟದ ಭಾವ

ನಮ್ಮ ಭಾವ ರೇಸ್ ಕಾರು ಓಡಿಸುತ್ತಾರೆ ಎಂದರೆ ನೀವು ನಂಬುವುದಿಲ್ಲ. ಓಡಿಸುವುದನ್ನು ಕಣ್ಣಾರೆ ನೋಡಿದರಂತೂ ಖಂಡಿತ ನಂಬುವುದಿಲ್ಲ!

ಅಸ್ಕರ್ ಎಂಬ ಊರಿನ ಅಲ್ಯೂಮಿನಿಯಂ ಕಾರ್ಖಾನೆಯಲ್ಲಿ ಅವರು ಫೋರ್‌ಮನ್ ಆಗಿದ್ದರು. ಶುಕ್ರವಾರ ಬಹರೈನ್‌ನ ಸಜ್ಜನರೆಲ್ಲ ಬಿರಿಯಾನಿ ಉಂಡು ಮಲಗಿದರೆ, ಇವರು ತಮ್ಮಷ್ಟೇ ವಯಸ್ಸಾದ ಕಾರು ಹತ್ತಿ ಮರುಭೂಮಿಗೆ ಹೊರಡುತ್ತಿದ್ದರು. ಅಲ್ಲಿ ಇವರಂಥದೇ ನಾಲ್ಕಾರು ಹುಚ್ಚರು ಹಳೆಯ ಟಯರು ಜೋಡಿಸಿ ಮೊಟ್ಟೆಯಾಕಾರದ ಓಟದ ದಾರಿ ಮಾಡಿಕೊಂಡಿದ್ದರು. ಹೇಳಿದಷ್ಟು ಸುತ್ತು ಹಾಕಿ ಗೆರೆ ದಾಟಬೇಕು. ಭಾವ ಒಮ್ಮೆಯೂ ದಾಟಿರಲಿಲ್ಲ.

ಮೊದಲ ರೇಸಿನಲ್ಲಿ ಚಕ್ರಗಳಡಿ ನಿಂಬೆಹಣ್ಣಿಟ್ಟು ಕೈಮುಗಿಯುವಷ್ಟರಲ್ಲಿ ಉಳಿದವರು ಹೊರಟಾಗಿತ್ತು. ಇನ್ನಾದರೂ ನುಗ್ಗಬೇಕೋ ಬೇಡವೋ? ಇವರು ಇಂಡಿಕೇಟರ್ ಹಾಕಿ ಬದಿಯಲ್ಲೇ ನಿಂತರು.

"ಎಂತ ಭಾವ, ನಿಂತದ್ದು?" ಓಡಿಹೋಗಿ ಕೇಳಿದೆ.

"ರೌಂಡ್‌ಅಬೌಟ್‌ನಲ್ಲಿ ಒಳಗೆ ಸುತ್ತುವವರಿಗೆ ಮೊದಲು ದಾರಿ ಅಲ್ವಾ ಮಾರಾಯ? ಇಷ್ಟು ವರ್ಷದಲ್ಲಿ ನಂಗೆ ಒಂದು ಫೈನ್ ಬಿದ್ದದ್ದಿಲ್ಲ."

ಮುಂದಿನ ಸಲ ರೇಡಿಯೇಟರ್ ಕುದಿಯಿತು. ಆಮೇಲೊಮ್ಮೆ ಚಕ್ರವೊಂದು ಕಳಚಿ ಭಾವನಿಗಿಂತ ಮುಂದೆ ಓಡಿ ಗೆರೆ ದಾಟಿತು. "ನಮ್ಮ ಚಕ್ರವಾದ್ರೂ ಮೂರನೇದು ಬಂತಲ್ಲ" ಎಂದು ನಕ್ಕರು. ರಿಫಾ ಪೇಟೆಯ ಅವರ ಫ್ಲ್ಯಾಟಿನಲ್ಲಿ ಅಕ್ಕ ಮಾತ್ರ ನಗಲಿಲ್ಲ. "ಕಂಬಳದ ಕೋಣ ಆದ್ರೂ ಗದ್ದೆಯ ಆ ಬದಿ ಮುಟ್ತದೆ. ನಿಮ್ಮ ರೇಸ್ ನೋಡ್ಲಿಕ್ಕೆ ನಾನು ಬರುದಿಲ್ಲ" ಎಂದಳು.

ನಾನಾಗಿದ್ದರೆ ಕಾರನ್ನು ಎಂದೋ ಗುಜರಿಗೆ ಹಾಕುತ್ತಿದ್ದೆ. ಭಾವ ಮರುದಿನವೇ ಡ್ಯೂಟಿ ಮುಗಿಸಿ ಬಂದು ಬಾನೆಟ್ಟಿನೊಳಗೆ ತಲೆ ತೂರಿಸುವವರು. ಎಷ್ಟು ಸೋತರೂ ಬೇಸರ ಬಾರದ ಇಂಥ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ವರ್ಷ ನಿವೃತ್ತಿಯಾಯಿತು. ವೀಸಾ ಮುಗಿಯುವ ಮೊದಲು ಉಳಿದದ್ದು ಒಂದೇ ರೇಸ್. "ಗೆಲ್ಲುದು ಬೇಡ. ಒಮ್ಮೆ ಗೆರೆ ದಾಟಿ ಊರಿಗೆ ಹೋಗ್ಬೇಕು" ಎಂದರು. ಆ ದಿನ ಅಕ್ಕನೂ ಬುತ್ತಿ ಕಟ್ಟಿಕೊಂಡು ನಮ್ಮೊಡನೆ ಕಾರು ಹತ್ತಿದಳು.

ಕೊನೆಯ ಸುತ್ತಿನ ನಡುವೆ ಎಂಜಿನ್ ಕೆಮ್ಮಿ ಕೆಮ್ಮಿ ಸುಮ್ಮನಾಯಿತು. ಭಾವ ಇಳಿದರು, ತಳ್ಳತೊಡಗಿದರು. ಬೇರೆಯವರು ಮುಟ್ಟಿದರೆ ಓಟ ಲೆಕ್ಕಕ್ಕಿಲ್ಲ. ಸಹಾಯಕ್ಕೆ ಓಡಿದ ಪಠಾಣ ಮೆಕ್ಯಾನಿಕ್‌ಗೆ "ಹಾಥ್ ಮತ್ ಲಗಾವ್ ಭಾಯಿ" ಎಂದು ಕೈ ಹಚ್ಚದಂತೆ ತಡೆದರು. ಬಿಸಿಲು ಇಳಿಯತೊಡಗಿತು. ಗೆದ್ದವನಿಗೆ ಟ್ರೋಫಿ ಕೊಟ್ಟಾಯಿತು. ಗೆರೆಯ ಬಳಿ ಕಪ್ಪುಬಿಳಿ ಚೌಕುಳಿ ಬಾವುಟ ಬೀಸುವವನೂ ಅದನ್ನು ಸುತ್ತಿಟ್ಟು ಮನೆಗೆ ಹೋದ. ಭಾವ ತಳ್ಳುತ್ತಲೇ ಇದ್ದರು. ನಾಲ್ಕು ಹೆಜ್ಜೆ ಹಾಕುವುದು, ನಿಂತು ಉಸಿರೆಳೆಯುವುದು, ಮತ್ತೆ ತಳ್ಳುವುದು.

ಗೆರೆ ಹತ್ತಿರವಾಯಿತು, ಬಾವುಟ ಬೀಸಲು ಯಾರೂ ಇರಲಿಲ್ಲ. ಅಕ್ಕ ಬುತ್ತಿಗೆ ಸುತ್ತಿದ್ದ ಚೌಕುಳಿ ಬೈರಾಸು ಟವೆಲನ್ನು ಬಿಚ್ಚಿದಳು. ಗೆರೆಯ ಪಕ್ಕ ಹೋಗಿ ನಿಂತು ಎರಡೂ ಕೈಯಲ್ಲಿ ಹಿಡಿದು ಬೀಸತೊಡಗಿದಳು.

"ಬನ್ನಿ" ಎಂದಳು, "ಇನ್ನು ಸ್ವಲ್ಪವೇ ಉಂಟು."

ಭಾವ ಗೆರೆ ದಾಟಿದರು. ಕಣ್ಣು ತುಂಬಿಕೊಂಡಿದ್ದರಿಂದ ನನಗದು ಸರಿಯಾಗಿ ಕಾಣಲೇ ಇಲ್ಲ.