ಪಾಚಿ ತೊಳೆದವನು

ಸುಮ್ಮನೆ ಕೂರುವುದು ಒಂದು ವಿದ್ಯೆ. ಅದು ನನಗೆ ಹತ್ತಲಿಲ್ಲ. ಮೇಲಿನ ಕ್ಲಾಸುಗಳಲ್ಲಿ ಕಲಿಸುತ್ತಿದ್ದರೋ ಏನೋ, ನಾನು ಎಂಟಕ್ಕೇ ಶಾಲೆ ಬಿಟ್ಟವನು. ಮಂಡ್ಯದಲ್ಲಿ ಲಾರಿ ಕ್ಲೀನರ್ ಆಗಿದ್ದೆ. ಭಾವಮೈದುನ ಕರೆಸಿಕೊಂಡ ಮೇಲೆ ಅಮೆರಿಕದ ಬೋಲಿಂಗ್‌ಬ್ರೂಕಿನ ಗೋದಾಮೊಂದರಲ್ಲಿ ಫೋರ್ಕ್‌ಲಿಫ್ಟ್ ಓಡಿಸಲು ಸೇರಿದವನು, ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ತಡವಾಗಿ ಹೋಗಿಲ್ಲ. ಹಿಮ ಬಿದ್ದರೆ ನಮ್ಮ ಬಡಾವಣೆಯಲ್ಲಿ ಮೊದಲು ಬಯಲಾಗುವುದು ನನ್ನ ಡ್ರೈವ್‌ವೇ. ಪಕ್ಕದ ಮನೆಯ ಇಂಜಿನಿಯರು ಕಾಫಿ ಕಪ್ಪು ಹಿಡಿದು ಕಿಟಕಿಯಲ್ಲಿ ನಿಂತಿದ್ದರೆ ಅವನ ಕಡೆಯದನ್ನೂ ಎರಡಡಿ ತಳ್ಳಿ ಬರುತ್ತೇನೆ. ಅದು ಉಪಕಾರವಲ್ಲ, ಜಂಬ.

ಇಂಥವನನ್ನು ಕಟ್ಟಿಕೊಂಡ ವನಜಳಿಗೆ ಜಪಾನಿ ತೋಟದ ಹುಚ್ಚು ಹಿಡಿಯಿತು. ಮನೆಯಿಂದ ಒಂದೂವರೆ ಗಂಟೆ ಡ್ರೈವ್. ಮೊದಲ ಸಲ ಹೋದದ್ದು ಚೆರ್ರಿ ಹೂಬಿಟ್ಟಾಗ. ಅವಳು ಒಂದೇ ಮರದ ಕೆಳಗೆ ಮುಕ್ಕಾಲು ಗಂಟೆ ನಿಂತಳು. ಅಷ್ಟರಲ್ಲಿ ನಾನು ಇಡೀ ತೋಟಕ್ಕೆ ಮೂರು ಸುತ್ತು ಹಾಕಿ ಬಂದು, "ನಡಿ, ಎಲ್ಲಾ ನೋಡಾಯ್ತು" ಎಂದೆ.

"ನಡೆದಾಯ್ತು ಅನ್ನಿ" ಎಂದಳು.

ಆಮೇಲೆ ಬೇಸಿಗೆಯ ಮೀನು, ಅಕ್ಟೋಬರಿನ ಕೆಂಪು ಮೇಪಲ್ ಎಂದು ವರ್ಷಕ್ಕೆ ಮೂರು ಸಲವಾದರೂ ಹೋಗುವುದಾಯಿತು. ಜಲ್ಲಿ ಹರಡಿ, ಅದರ ಮೇಲೆ ಕುಂಟೆಯಲ್ಲಿ ಗೀರೆಳೆದು, ಇದು ಸಮುದ್ರ ಎನ್ನುತ್ತಾರೆ. ನನ್ನ ಕಣ್ಣಿಗೆ ಅದು ಉತ್ತು ಬಿತ್ತನೆ ಮರೆತ ಹೊಲ. ಕಲ್ಲುಗಳ ಮೇಲೆಲ್ಲ ಪಾಚಿ. "ಇಷ್ಟೊಂದು ಟಿಕೆಟ್ ಇಟ್ಟಿದಾರೆ, ಪಾಚಿ ಕೆರೆಯೋಕೆ ಒಬ್ಬ ಆಳಿಲ್ವಾ?" ಎಂದು ಕೇಳಿದ್ದೆ. ವನಜ ಏನೋ ಹೇಳಿದಳು, ನಾನಾಗಲೇ ಮುಂದಿನ ಸುತ್ತಿಗೆ ಹೊರಟಿದ್ದೆ. ಚಳಿಗಾಲದ ತೋಟ ಮಾತ್ರ ಉಳಿದೇ ಹೋಯಿತು. ಕೊಳದ ಪಕ್ಕದ ಕಲ್ಲುದೀಪದ ಮೇಲೆ ಹಿಮ ಕೂತಿರುವುದನ್ನು ನೋಡಬೇಕೆಂದು ಅವಳಿಗೆ ಆಸೆ. "ಹಿಮ ತಾನೇ, ಮನೆ ಮುಂದೇನೇ ಬಿದ್ದಿದೆ ನೋಡ್ಕೋ" ಎಂದು ನಾನು ಪ್ರತಿ ವರ್ಷವೂ ಸಲಿಕೆ ಹಿಡಿದು ಹೊರಡುತ್ತಿದ್ದೆ.

ಕೊನೆಗೆ ಹಿತ್ತಲಿನಲ್ಲಿ, ಅಡಿಗೆಮನೆಯ ಕಿಟಕಿಗೆ ನೇರವಾಗಿ, ಕರುವಿನಷ್ಟು ದೊಡ್ಡ ಕಲ್ಲೊಂದನ್ನು ಇಡಿಸಿಕೊಂಡಳು. ವಾರಕ್ಕೊಮ್ಮೆ ಅದಕ್ಕೆ ಮಜ್ಜಿಗೆ ಸುರಿಯುತ್ತಿದ್ದಳು. ನಮ್ಮ ಕಡೆ ನಾಗರಕಲ್ಲಿಗೆ ತನಿ ಎರೆಯುತ್ತಾರಲ್ಲ, ಅಂಥದೇ ಯಾವುದೋ ಹರಕೆ ಇರಬೇಕು ಎಂದುಕೊಂಡೆ. ಹಾಲಿನ ಬದಲು ಮಜ್ಜಿಗೆ ಯಾಕೆಂದು ಕೇಳಲಿಲ್ಲ. ಹೆಂಗಸರ ವ್ರತದಲ್ಲಿ ಗಂಡಸು ತಲೆ ಹಾಕಬಾರದು ಎಂಬುದು ನನ್ನ ಸಂಸ್ಕಾರ. ನಾಲ್ಕು ವರ್ಷ ಹಾಗೇ ನಡೆಯಿತು.

ಹೋದ ವರ್ಷ ಆಗಸ್ಟಿನಲ್ಲಿ ವನಜ ಹದಿನೈದು ದಿನ ಆಸ್ಪತ್ರೆಯಲ್ಲಿದ್ದಳು. ಡಾಕ್ಟರು ನನ್ನನ್ನೂ ಮಗಳು ರಮ್ಯಳನ್ನೂ ಕೂರಿಸಿ, ಇನ್ನು ಕೆಲವೇ ತಿಂಗಳು ಎಂದರು. ರಮ್ಯ ಅತ್ತಳು. ನಾನು ಮನೆಗೆ ಬಂದು ಗರಾಜ್ ತೊಳೆದೆ. ಸೂರಿನ ಗಟಾರ ತೊಳೆದೆ, ಹಿತ್ತಲಿನ ಮರದ ಡೆಕ್ ತೊಳೆದೆ. ಆಗ ಕಲ್ಲು ಕಣ್ಣಿಗೆ ಬಿತ್ತು. ದೇವರ ಕಲ್ಲು ಮೇಲಿಂದ ಕೆಳಗಿನವರೆಗೆ ಪಾಚಿಗಟ್ಟಿದೆ, ಇವಳಿಗೆ ಬಗ್ಗಿ ತೊಳೆಯಲು ಶಕ್ತಿ ಇರಲಿಲ್ಲವಲ್ಲ ಎಂದುಕೊಂಡೆ. ಬ್ಲೀಚ್ ಹಾಕಿ, ತಂತಿ ಬ್ರಷ್ಷಿನಲ್ಲಿ ಉಜ್ಜಿ, ನೀರನ್ನು ರಭಸದಿಂದ ಚಿಮ್ಮಿಸುವ ಪವರ್ ವಾಷರ್ ಹಿಡಿದೆ. ಕಲ್ಲು ಬೋಳುತಲೆಯ ಹಾಗೆ ಹೊಳೆಯಿತು. ಕುಂಕುಮ ಇಟ್ಟು, ಒಂದು ಹೂವನ್ನೂ ಇಟ್ಟೆ.

ವನಜ ಮನೆಗೆ ಬಂದವಳು ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು ಕೂತಳು.

"ಪಾಚಿ ಎಲ್ಲಿ ಹೋಯ್ತುರೀ?"

"ಕ್ಲೀನ್ ಮಾಡ್ದೆ ಕಣೆ."

"ಅದನ್ನ ಬೆಳೆಸೋಕೇ ಮಜ್ಜಿಗೆ ಹಾಕ್ತಿದ್ದಿದ್ದು. ನಾಲ್ಕು ವರ್ಷ. ನಿಮಗೆ ತೊಳೆಯೋಕೆ ಎಷ್ಟು ಹೊತ್ತು ಹಿಡೀತು, ನಾಲ್ಕು ನಿಮಿಷಾನಾ?"

"ಒಂದೂವರೆ ಗಂಟೆ" ಎಂದೆ. ಆ ಗಳಿಗೆಯಲ್ಲೂ ಕೆಲಸದ ಮರ್ಯಾದೆ ಬಿಟ್ಟುಕೊಡಲಾಗಲಿಲ್ಲ. ಅವಳು ಕೆಮ್ಮು ಬರುವವರೆಗೆ ನಕ್ಕಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ಕೆಮ್ಮಿಗೋ ಕಲ್ಲಿಗೋ ನಾನು ಕೇಳಲಿಲ್ಲ.

ಅವಳಿರುವಾಗಲೇ ಆ ಕಲ್ಲು ಮತ್ತೆ ಹಸಿರಾಗಬೇಕು ಎಂದು ನನಗೆ ಹಟ ಹತ್ತಿತು. ಮಾರನೆಯ ವಾರ ಒಬ್ಬನೇ ಜಪಾನಿ ತೋಟಕ್ಕೆ ಹೋಗಿ, ಅಲ್ಲಿ ಮಂಡಿಯೂರಿ ಎಲೆ ಆಯುತ್ತಿದ್ದ ಮುದುಕಿಯನ್ನು ಕೇಳಿದೆ. ನೆರಳಿರಲಿ, ಒದ್ದೆಯಿರಲಿ, ಮುಖ್ಯವಾಗಿ ನೀನು ಮುಟ್ಟಬೇಡ ಎಂದಳು. ಎಷ್ಟು ದಿನ ಎಂದೆ. ಅದೃಷ್ಟವಿದ್ದರೆ ಎರಡು ಮೂರು ವರ್ಷ ಎಂದಳು. ಓವರ್‌ಟೈಮ್ ಮಾಡಿ ಹಿಂದಿನ ಬಾಕಿ ತೀರಿಸಿದವನು ನಾನು, ಇದಕ್ಕೆ ಓವರ್‌ಟೈಮ್ ಇರಲಿಲ್ಲ.

ವಾಪಸು ಬರುವಾಗ ಅಲಂಕಾರದ ಸಾಮಾನಿನ ಅಂಗಡಿಗೆ ನುಗ್ಗಿ, ಬಣ್ಣ ಹಾಕಿದ ಒಣ ಪಾಚಿ ತಂದೆ. ವನಜ ಮಲಗಿದ್ದಾಗ ಮರಗೆಲಸದ ಅಂಟಿನಿಂದ ಒಂದೊಂದೇ ಚೂರು ಅಂಟಿಸಿದೆ. ದಿನಕ್ಕೊಂದು ಅಂಗೈ ಅಗಲ, ಅನುಮಾನ ಬಾರದಂತೆ. ಮೂರು ವಾರದಲ್ಲಿ ಕಲ್ಲಿನ ನೆತ್ತಿ ಹಸಿರಾಯಿತು.

"ಬಂತಲ್ರೀ" ಎಂದಳು ವನಜ. "ನಿಮ್ಮ ಕೈಗುಣ."

ಬೀಗಿ ಹೋದೆ. ಆಮೇಲೆ ದಿನಾ ಅವಳು ಅದನ್ನೇ ನೋಡುತ್ತ ಕೂರುತ್ತಿದ್ದಳು. ಮೇಪಲ್ ಎಲೆ ಪೂರಾ ಉದುರುವ ಮೊದಲೇ ಹೊರಟುಹೋದಳು.

ಹದಿಮೂರನೆಯ ದಿನದ ತಿಥಿ ಕಳೆದ ಮೇಲೆ ರಮ್ಯ ಕಿಟಕಿಯಲ್ಲಿ ನಿಂತು ಹೇಳಿದಳು. "ಅಪ್ಪಾ, ಅಮ್ಮಂಗೆ ಗೊತ್ತಿತ್ತು. ಪಾಚಿ ಮೇಲೆ ಅಂಗಡಿ ಸ್ಟಿಕ್ಕರ್ ಒಂದು ಕಡೆ ಹಾಗೇ ಇದೆ, ಲುಕ್. ಡೋಂಟ್ ಟೆಲ್ ಹಿಮ್ ಅಂದಿದ್ಳು."

ಜನವರಿಯಲ್ಲಿ ಆ ತೋಟಕ್ಕೆ ಹೋದೆ. ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್, ಮೂಗು ಮರಗಟ್ಟುವ ಚಳಿ. ಕಲ್ಲುದೀಪದ ಮೇಲೆ ಹಿಮ ಕೂತಿತ್ತು. ಮನೆ ಮುಂದಿನ ಹಿಮದಂತಿರಲಿಲ್ಲ. ಅವಳು ನಿಲ್ಲುತ್ತಿದ್ದಷ್ಟು ಹೊತ್ತು ನಿಂತೆನೆಂದುಕೊಂಡು ವಾಚ್ ನೋಡಿದರೆ ಹನ್ನೊಂದು ನಿಮಿಷ. ನನ್ನ ಮಟ್ಟಿಗೆ ಅದೇ ದೊಡ್ಡದು.

ಈಗ ಬೇಸಿಗೆ. ಅಂಟಿಸಿದ್ದನ್ನೆಲ್ಲ ಕಿತ್ತುಹಾಕಿದ್ದೇನೆ. ಶನಿವಾರ ಶನಿವಾರ ಕಲ್ಲಿಗೆ ಮಜ್ಜಿಗೆ ಸುರಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತೇನೆ. ಇನ್ನೂ ಏನೂ ಹುಟ್ಟಿಲ್ಲ. ನೋಡಿದವರಿಗೆ ನಾನು ಸುಮ್ಮನೆ ನಿಂತಿದ್ದೇನೆ ಅನ್ನಿಸಬಹುದು. ಇಷ್ಟು ಕಷ್ಟದ ಕೆಲಸ ನಾನು ಜನ್ಮದಲ್ಲಿ ಮಾಡಿಲ್ಲ. ಈಗ ಮುಟ್ಟುವುದಿಲ್ಲ ಎಂದು ಮಗಳಿಗೆ ಮಾತೂ ಕೊಟ್ಟಿದ್ದೇನೆ. ಅವಳು ನಂಬಿದ್ದೇನೆ ಅಂದಳು. ಹೋಗುವಾಗ ಪವರ್ ವಾಷರನ್ನು ಕಾರಿನಲ್ಲಿ ಹಾಕಿಕೊಂಡು ಡೆಟ್ರಾಯ್ಟಿಗೆ ಒಯ್ದಳು. ಅವಳಿಗೆ ಬೇಕಾಗಿತ್ತಂತೆ. ಅವಳಿರುವುದು ಅಪಾರ್ಟ್‌ಮೆಂಟಿನ ಆರನೇ ಮಹಡಿಯಲ್ಲಿ.